ಗೆರ್ಹಾರ್ಡ್ ಡೋಮಾಕ್: ನಂಜಿಗೆ ಮದ್ದು ಕಂಡ ರೋಗಶಾಸ್ತ್ರಜ್ಞ

ಕನ್ನಡದಲ್ಲಿ ನಂಜು ಎಂಬ ಪದಕ್ಕೆ ಎರಡು ಅರ್ಥಗಳಿವೆ. ಹೊರಗಿನಿಂದ ಒಳಹೊಕ್ಕ ವಿಷವೂ ನಂಜೇ, ಗಾಯ ಕೆಟ್ಟು ಮೈಗೆಲ್ಲ ಹರಡುವ ಸೋಂಕೂ ನಂಜೇ. ಮುಳ್ಳು ತುಳಿದು ನಂಜೇರಿ ತೀರಿಕೊಂಡವರ, ಹೆರಿಗೆಯಾದ ವಾರದೊಳಗೆ ಬಾಣಂತಿ ಸನ್ನಿಗೆ ಬಲಿಯಾದವರ ಕಥೆಯಿಲ್ಲದ ಮನೆತನ ನಮ್ಮ ಮುತ್ತಜ್ಜಿಯರ ಕಾಲದಲ್ಲಿ ಅಪರೂಪವಾಗಿತ್ತು. ಇಂದು ವೈದ್ಯರು ಸೆಪ್ಸಿಸ್ ಎಂದು ಕರೆಯುವ ಈ ಸ್ಥಿತಿಯಲ್ಲಿ ಬೇಗನೆ ಸೋಲುವ ಅಂಗಗಳಲ್ಲಿ ಮೂತ್ರಪಿಂಡವೂ ಒಂದು. ರಕ್ತಕ್ಕೆ ಹರಡಿದ ಸಾಮಾನ್ಯ ಬ್ಯಾಕ್ಟೀರಿಯಾ ಸೋಂಕನ್ನು ನಂಬಿಕೆಗೆ ಅರ್ಹವಾಗಿ ಹಿಮ್ಮೆಟ್ಟಿಸಿದ ಮೊದಲ ಔಷಧಿಯನ್ನು ಜಗತ್ತಿಗೆ ತೋರಿಸಿಕೊಟ್ಟವರು ಜರ್ಮನಿಯ ಗೆರ್ಹಾರ್ಡ್ ಡೋಮಾಕ್. ಅವರ ಬದುಕನ್ನು ಓದುವಾಗ ಮೂತ್ರಪಿಂಡದ ವಿಚಾರ ಮತ್ತೆ ಮತ್ತೆ ಎದುರಾಗುತ್ತದೆ. ಅದು ಕೆಲವೊಮ್ಮೆ ಅಧ್ಯಯನದ ವಸ್ತುವಾಗಿ, ಕೆಲವೊಮ್ಮೆ ಅವರ ಔಷಧಿಯಿಂದಲೇ ಪೆಟ್ಟುತಿಂದ ಅಂಗವಾಗಿ ಬರುತ್ತದೆ.

ಡೋಮಾಕ್ ಜನಿಸಿದ್ದು 1895ರ ಅಕ್ಟೋಬರ್ 30ರಂದು, ಆಗ ಬ್ರಾಂಡೆನ್‌ಬರ್ಗ್ ಪ್ರಾಂತಕ್ಕೆ ಸೇರಿದ್ದ, ಈಗ ಪೋಲೆಂಡಿನಲ್ಲಿರುವ ಲಾಗೋವ್ ಎಂಬ ಪುಟ್ಟ ಊರಿನಲ್ಲಿ. ತಂದೆ ಶಾಲಾ ಶಿಕ್ಷಕರು. 1914ರಲ್ಲಿ ಕೀಲ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಶಿಕ್ಷಣಕ್ಕೆ ಸೇರಿದ ಕೆಲವೇ ತಿಂಗಳಲ್ಲಿ ಮೊದಲ ಮಹಾಯುದ್ಧ ಆರಂಭವಾಯಿತು. ಸಹಪಾಠಿಗಳೊಂದಿಗೆ ಅವರೂ ಸ್ವಯಂಸೇವಕರಾಗಿ ಸೈನ್ಯ ಸೇರಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಗಾಯಗೊಂಡರು. ಗುಣವಾದ ಬಳಿಕ ಅವರನ್ನು ವೈದ್ಯಕೀಯ ದಳಕ್ಕೆ ವರ್ಗಾಯಿಸಲಾಯಿತು.

ಪೂರ್ವ ರಣರಂಗದ ಆಸ್ಪತ್ರೆಗಳಲ್ಲಿ ಆ ಯುವಕ ಕಂಡ ದೃಶ್ಯಗಳೇ ಅವರ ಮುಂದಿನ ಜೀವನದ ದಿಕ್ಕನ್ನು ನಿರ್ಧರಿಸಿದವು. ಕಾಲರಾ ರೋಗಿಗಳು ಕಣ್ಣೆದುರೇ ಸಾಯುತ್ತಿದ್ದರು. ಶಸ್ತ್ರವೈದ್ಯರು ಕುಶಲತೆಯಿಂದ ಗುಂಡು ತೆಗೆದು, ಕೆಟ್ಟ ಅಂಗವನ್ನು ಕತ್ತರಿಸಿ ಉಳಿಸಿದ ಸೈನಿಕರು ಕೆಲವು ದಿನಗಳ ನಂತರ ಅನಿಲ ಕೊಳೆತದಿಂದಲೋ ರಕ್ತನಂಜಿನಿಂದಲೋ ಅಸುನೀಗುತ್ತಿದ್ದರು. ಶಸ್ತ್ರಚಿಕಿತ್ಸೆ ಎಷ್ಟೇ ಮುಂದುವರಿದಿದ್ದರೂ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಒಮ್ಮೆ ಒಳಹೊಕ್ಕರೆ ವೈದ್ಯ ಕೈಕಟ್ಟಿ ನಿಲ್ಲಬೇಕಾಗಿತ್ತು.

ಯುದ್ಧ ಮುಗಿದ ಮೇಲೆ ಕೀಲ್‌ಗೆ ಮರಳಿದ ಡೋಮಾಕ್ 1921ರಲ್ಲಿ ವೈದ್ಯ ಪದವಿ ಪಡೆದರು. ಆ ಹಂತದಲ್ಲಿ ಅವರು ಕೈಗೊಂಡ ಅಧ್ಯಯನ ಕ್ರಿಯಾಟಿನ್ ಮತ್ತು ಕ್ರಿಯಾಟಿನಿನ್ ಎಂಬ ವಸ್ತುಗಳಿಗೆ ಸಂಬಂಧಿಸಿತ್ತು. ಸ್ನಾಯುಗಳಲ್ಲಿ ಹುಟ್ಟುವ ಕ್ರಿಯಾಟಿನಿನ್ ಮೂತ್ರಪಿಂಡದ ಮೂಲಕ ಹೊರಹೋಗುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಏರಿದರೆ ಮೂತ್ರಪಿಂಡ ಸೋಲುತ್ತಿದೆ ಎಂದು ಇಂದು ಜಗತ್ತಿನ ಎಲ್ಲ ಆಸ್ಪತ್ರೆಗಳೂ ತಿಳಿಯುತ್ತವೆ. ನಂಜಿನ ವಿರುದ್ಧ ಹೋರಾಡಲಿದ್ದ ವ್ಯಕ್ತಿಯ ಮೊದಲ ಸಂಶೋಧನೆ, ನಂಜಿನಿಂದ ಕೆಟ್ಟ ಮೂತ್ರಪಿಂಡವನ್ನು ಗುರುತಿಸಲು ನಾವು ನಿತ್ಯ ಅಳೆಯುವ ವಸ್ತುವಿನ ಸುತ್ತಲೇ ಇದ್ದದ್ದು ಆಕಸ್ಮಿಕವಾದರೂ ನೆನಪಿಡತಕ್ಕದ್ದು.

ಮುಂದೆ ಅವರು ಗ್ರೈಫ್ಸ್‌ವಾಲ್ಟ್ ವಿಶ್ವವಿದ್ಯಾಲಯದಲ್ಲಿ ರೋಗಶಾಸ್ತ್ರಜ್ಞ ವಾಲ್ಟರ್ ಗ್ರಾಸ್ ಅವರ ಬಳಿ ಸೇರಿದರು. ದೇಹಕ್ಕೆ ನುಗ್ಗಿದ ಬ್ಯಾಕ್ಟೀರಿಯಾಗಳನ್ನು ನುಂಗಿ ಜೀರ್ಣಿಸುವ ಜೀವಕೋಶಗಳನ್ನು, ಮುಖ್ಯವಾಗಿ ಯಕೃತ್ತಿನ ಕುಪ್ಫರ್ ಕೋಶಗಳನ್ನು, ಅವರು ಅಲ್ಲಿ ಪ್ರಾಣಿಗಳಲ್ಲಿ ಅಧ್ಯಯನ ಮಾಡಿದರು. ಮೊದಲೇ ಬ್ಯಾಕ್ಟೀರಿಯಾಕ್ಕೆ ಒಡ್ಡಿಕೊಂಡಿದ್ದ ಪ್ರಾಣಿಗಳು ಎರಡನೆಯ ದಾಳಿಯನ್ನು ಬಹಳ ವೇಗವಾಗಿ ಎದುರಿಸುತ್ತಿದ್ದವು. ಹಾನಿಗೊಂಡ ಬ್ಯಾಕ್ಟೀರಿಯಾಗಳನ್ನು ಈ ಕೋಶಗಳು ಸುಲಭವಾಗಿ ನುಂಗುತ್ತಿದ್ದವು. ಇದರಿಂದ ಡೋಮಾಕ್ ಒಂದು ಮುಖ್ಯ ನಿಲುವಿಗೆ ಬಂದರು. ಔಷಧಿಯೇ ಎಲ್ಲ ಬ್ಯಾಕ್ಟೀರಿಯಾಗಳನ್ನೂ ಕೊಲ್ಲಬೇಕಾಗಿಲ್ಲ. ಅವುಗಳನ್ನು ತಕ್ಕಮಟ್ಟಿಗೆ ದುರ್ಬಲಗೊಳಿಸಿದರೆ ಉಳಿದ ಕೆಲಸವನ್ನು ದೇಹವೇ ಪೂರೈಸಬಲ್ಲದು.

1925ರಲ್ಲಿ ಗ್ರಾಸ್ ಮ್ಯೂನ್‌ಸ್ಟರ್ ವಿಶ್ವವಿದ್ಯಾಲಯಕ್ಕೆ ತೆರಳಿದಾಗ ಡೋಮಾಕ್ ಕೂಡ ಜೊತೆಗೆ ಹೋದರು. ಅದೇ ವರ್ಷ ಗೆರ್ಟ್ರೂಡ್ ಸ್ಟ್ರೂಬೆ ಅವರನ್ನು ವಿವಾಹವಾದರು. ದಂಪತಿಗೆ ಮುಂದೆ ಮೂವರು ಗಂಡುಮಕ್ಕಳೂ ಒಬ್ಬ ಮಗಳೂ ಜನಿಸಿದರು. ಕ್ಷಕಿರಣಗಳು ಮೂತ್ರಪಿಂಡದ ಅಂಗಾಂಶಕ್ಕೆ ಮಾಡುವ ಹಾನಿಯನ್ನು ಕುರಿತು ಡೋಮಾಕ್ ಬರೆದದ್ದು ಈ ವರ್ಷಗಳಲ್ಲಿಯೇ. ವಿಶ್ವವಿದ್ಯಾಲಯದ ಸಂಬಳ ಅಲ್ಪ, ಪ್ರಯೋಗಕ್ಕೆ ಹಣವಿಲ್ಲ. 1927ರಲ್ಲಿ ವುಪ್ಪರ್‌ಟಾಲ್‌ನ ಎಲ್ಬರ್‌ಫೆಲ್ಡ್‌ನಲ್ಲಿದ್ದ ಬೇಯರ್ ಪ್ರಯೋಗಾಲಯದಿಂದ ಕರೆ ಬಂದಾಗ ಅವರು ಒಪ್ಪಿಕೊಂಡರು. ಬೇಯರ್ ಆಗ ಐ. ಜಿ. ಫಾರ್ಬೆನ್ ಎಂಬ ಬೃಹತ್ ರಾಸಾಯನಿಕ ಒಕ್ಕೂಟದ ಭಾಗವಾಗಿತ್ತು. ಎರಡು ವರ್ಷಗಳ ಬಳಿಕ ಅವರಿಗಾಗಿ ರೋಗಶಾಸ್ತ್ರ ಮತ್ತು ಬ್ಯಾಕ್ಟೀರಿಯಾಶಾಸ್ತ್ರದ ಹೊಸ ಸಂಸ್ಥೆಯೇ ಸಿದ್ಧವಾಯಿತು.

ಅಲ್ಲಿನ ಸಂಶೋಧನಾ ಮುಖ್ಯಸ್ಥ ಹೈನ್ರಿಶ್ ಹೋರ್ಲೈನ್ ಅವರ ಯೋಜನೆ ಪೌಲ್ ಎರ್ಲಿಶ್ ಅವರ ಹಳೆಯ ಕನಸಿನ ಮುಂದುವರಿಕೆಯಾಗಿತ್ತು. ಕೆಲವು ಬಣ್ಣಗಳು ಕೆಲವು ಜೀವಕೋಶಗಳಿಗೆ ಮಾತ್ರ ಅಂಟಿಕೊಳ್ಳುತ್ತವೆ. ಹಾಗಿದ್ದರೆ ಬ್ಯಾಕ್ಟೀರಿಯಾಕ್ಕೆ ಅಂಟಿಕೊಂಡು ದೇಹವನ್ನು ಬಿಟ್ಟುಬಿಡುವ ಬಣ್ಣವೂ ಇರಬಹುದು. ರಸಾಯನಶಾಸ್ತ್ರಜ್ಞರಾದ ಯೋಸೆಫ್ ಕ್ಲಾರರ್ ಮತ್ತು ಫ್ರಿಟ್ಸ್ ಮೀಚ್ ಹೊಸ ಹೊಸ ಬಣ್ಣಗಳನ್ನು ತಯಾರಿಸುತ್ತಿದ್ದರು, ಡೋಮಾಕ್ ಅವುಗಳನ್ನು ಪರೀಕ್ಷಿಸುತ್ತಿದ್ದರು. ಪರೀಕ್ಷೆಗೆ ಅವರು ಆರಿಸಿಕೊಂಡದ್ದು ರಕ್ತನಂಜಿನಿಂದ ಸತ್ತ ರೋಗಿಯೊಬ್ಬನಿಂದ ಬೇರ್ಪಡಿಸಿದ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾವನ್ನು. ಚಿಕಿತ್ಸೆ ಇಲ್ಲದಿದ್ದರೆ ಒಂದು ಇಲಿಯೂ ಬದುಕಬಾರದು, ಅಷ್ಟು ಕಠಿಣವಾದ ಪ್ರಮಾಣವನ್ನು ಕೊಡುತ್ತಿದ್ದರು. ಆಗ ಬದುಕುಳಿದ ಒಂದೊಂದು ಇಲಿಯೂ ಅರ್ಥವುಳ್ಳ ಸಾಕ್ಷಿಯಾಗುತ್ತದೆ. ವರ್ಷಗಟ್ಟಲೆ ಉತ್ತರ ಒಂದೇ ಆಗಿತ್ತು: ಇಲಿಗಳು ಸಾಯುತ್ತಿದ್ದವು.

1932ರ ಕೊನೆಯಲ್ಲಿ ಕ್ಲಾರರ್ ಒಂದು ಅಜೋ ಬಣ್ಣಕ್ಕೆ ಸಲ್ಫೊನಮೈಡ್ ಗುಂಪನ್ನು ಜೋಡಿಸಿ ಕಡುಗೆಂಪು ಪುಡಿಯೊಂದನ್ನು ಕೊಟ್ಟರು. ಮುಂದೆ ಪ್ರೊಂಟೊಸಿಲ್ ಎಂದು ಪ್ರಸಿದ್ಧವಾದ ವಸ್ತು ಅದು. ಡಿಸೆಂಬರಿನ ಪ್ರಯೋಗದಲ್ಲಿ 26 ಇಲಿಗಳಿಗೆ ಸ್ಟ್ರೆಪ್ಟೊಕಾಕಸ್ ಚುಚ್ಚಲಾಯಿತು. ಸುಮಾರು ಒಂದೂವರೆ ಗಂಟೆಯ ನಂತರ 12 ಇಲಿಗಳ ಹೊಟ್ಟೆಗೆ ಔಷಧಿಯನ್ನು ಇಳಿಸಲಾಯಿತು, ಉಳಿದ 14ಕ್ಕೆ ಏನನ್ನೂ ಕೊಡಲಿಲ್ಲ. ನಾಲ್ಕು ದಿನಗಳೊಳಗೆ ಆ 14 ಇಲಿಗಳೂ ಸತ್ತವು. ಔಷಧಿ ಪಡೆದ 12 ಇಲಿಗಳೂ ಬದುಕಿದವು. ಸಂಖ್ಯಾಶಾಸ್ತ್ರದ ಸಹಾಯವೇ ಬೇಡವೆನ್ನುವಷ್ಟು ಸ್ಪಷ್ಟವಾದ ಫಲಿತಾಂಶ ವೈದ್ಯಕೀಯದಲ್ಲಿ ಅತಿ ವಿರಳ. ಅದೇ ತಿಂಗಳ 25ರಂದು ಪೇಟೆಂಟ್ ಅರ್ಜಿ ಸಲ್ಲಿಕೆಯಾಯಿತು.

ವಿಚಿತ್ರವೆಂದರೆ ಇದೇ ಬಣ್ಣ ಗಾಜಿನ ನಳಿಕೆಯಲ್ಲಿ ಬೆಳೆಸಿದ ಬ್ಯಾಕ್ಟೀರಿಯಾದ ಮೇಲೆ ಏನನ್ನೂ ಮಾಡುತ್ತಿರಲಿಲ್ಲ. ಜೀವಂತ ದೇಹದೊಳಗೆ ಮಾತ್ರ ಅದು ಕೆಲಸ ಮಾಡುತ್ತಿತ್ತು. ನಳಿಕೆಯ ಪರೀಕ್ಷೆಯನ್ನೇ ನೆಚ್ಚಿಕೊಂಡಿದ್ದರೆ ಆ ಪುಡಿ ಕಸದ ಬುಟ್ಟಿ ಸೇರುತ್ತಿತ್ತು. ಕಾರಣವನ್ನು 1935ರಲ್ಲಿ ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯ ಟ್ರೆಫುಯೆಲ್ ದಂಪತಿ, ನಿಟ್ಟಿ ಮತ್ತು ಬೋವೆ ಕಂಡುಹಿಡಿದರು. ದೇಹದಲ್ಲಿ ಪ್ರೊಂಟೊಸಿಲ್ ಒಡೆದು ಸಲ್ಫನಿಲಮೈಡ್ ಎಂಬ ಬಣ್ಣವಿಲ್ಲದ ಸರಳ ವಸ್ತು ಬಿಡುಗಡೆಯಾಗುತ್ತದೆ, ಮದ್ದು ಅದೇ. ಬ್ಯಾಕ್ಟೀರಿಯಾ ತನಗೆ ಬೇಕಾದ ಫೋಲೇಟನ್ನು ತಾನೇ ತಯಾರಿಸಿಕೊಳ್ಳುತ್ತದೆ. ಆ ತಯಾರಿಕೆಗೆ ಬೇಕಾದ ಕಚ್ಚಾವಸ್ತುವನ್ನು ಹೋಲುವ ಸಲ್ಫನಿಲಮೈಡ್ ಅದರ ಜಾಗವನ್ನು ಆಕ್ರಮಿಸಿ ಬೆಳವಣಿಗೆಯನ್ನು ನಿಲ್ಲಿಸುತ್ತದೆ. ಮನುಷ್ಯ ಫೋಲೇಟನ್ನು ಆಹಾರದಿಂದ ಪಡೆಯುವುದರಿಂದ ನಮಗೆ ಆ ತೊಂದರೆಯಿಲ್ಲ. ಔಷಧಿ ಬ್ಯಾಕ್ಟೀರಿಯಾವನ್ನು ದುರ್ಬಲಗೊಳಿಸಿದರೆ ಸಾಕು, ದೇಹ ಉಳಿದುದನ್ನು ಮಾಡುತ್ತದೆ ಎಂಬ ಗ್ರೈಫ್ಸ್‌ವಾಲ್ಟ್‌ನ ಊಹೆ ನಿಜವಾಗಿತ್ತು.

ಡೋಮಾಕ್ ತಮ್ಮ ಫಲಿತಾಂಶವನ್ನು ಪ್ರಕಟಿಸಿದ್ದು 1935ರ ಫೆಬ್ರವರಿಯಲ್ಲಿ, ಎರಡು ವರ್ಷಗಳಿಗೂ ಹೆಚ್ಚು ತಡವಾಗಿ. ಅಷ್ಟರಲ್ಲಿ ಕೆಲವು ಜರ್ಮನ್ ವೈದ್ಯರು ಔಷಧಿಯನ್ನು ರೋಗಿಗಳಿಗೆ ಕೊಟ್ಟು ನೋಡಿದ್ದರು. ಆ ವರ್ಷದ ಕೊನೆಯಲ್ಲಿ ಪರೀಕ್ಷೆ ಅವರ ಮನೆಯ ಬಾಗಿಲಿಗೇ ಬಂತು. ಆರು ವರ್ಷದ ಮಗಳು ಹಿಲ್ಡೆಗಾರ್ಡ್ ಬಿದ್ದಾಗ ಸೂಜಿಯೊಂದು ಕೈಗೆ ನಾಟಿಕೊಂಡಿತು. ಗಾಯಕ್ಕೆ ಸ್ಟ್ರೆಪ್ಟೊಕಾಕಸ್ ಸೋಂಕು ತಗುಲಿ ನಂಜು ತೋಳಿಗೇರಿತು. ಕೀವು ಹೊರಬಿಡಲು ಮತ್ತೆ ಮತ್ತೆ ಕೊಯ್ದರೂ ಜ್ವರ ಇಳಿಯಲಿಲ್ಲ, ತೋಳನ್ನೇ ಕತ್ತರಿಸುವ ಮಾತು ಬಂತು. ತಂದೆ ಪ್ರಯೋಗಾಲಯದಿಂದ ಪ್ರೊಂಟೊಸಿಲ್ ತಂದು ಕೊಟ್ಟರು. ಮಗು ಬದುಕಿತು, ತೋಳೂ ಉಳಿಯಿತು. ಇಲಿಗಳ ಮೇಲೆ ಮಾಡಿದ ಲೆಕ್ಕವನ್ನು ಸ್ವಂತ ಮಗುವಿನ ಮೇಲೆ ನಂಬಬೇಕಾಗಿ ಬಂದ ಆ ದಿನಗಳು ಯಾವ ತಂದೆಗೂ ಹಗುರವಾಗಿರಲಾರವು.

ಜಗತ್ತು ನಂಬಿದ್ದು ಲಂಡನ್ನಿನಿಂದ ಬಂದ ವರದಿಯ ನಂತರ. ಕ್ವೀನ್ ಷಾರ್ಲೆಟ್ಸ್ ಆಸ್ಪತ್ರೆಯ ಲಿಯೊನಾರ್ಡ್ ಕೋಲ್‌ಬ್ರೂಕ್ ಬಾಣಂತಿ ನಂಜಿನ 38 ರೋಗಿಗಳಿಗೆ ಈ ಔಷಧಿ ಕೊಟ್ಟು 1936ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೂವರು ಮಾತ್ರ ತೀರಿಕೊಂಡಿದ್ದರು. ಅದಕ್ಕೆ ಮೊದಲು ಅದೇ ಆಸ್ಪತ್ರೆಯಲ್ಲಿ ಇಂಥ ರೋಗಿಗಳಲ್ಲಿ ಸುಮಾರು ಕಾಲುಭಾಗ ಸಾಯುತ್ತಿದ್ದರು. ಆ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಅವರ ಮಗ ಬಾಸ್ಟನ್ನಿನಲ್ಲಿ ಸ್ಟ್ರೆಪ್ಟೊಕಾಕಸ್ ಸೋಂಕಿನಿಂದ ಗುಣವಾದಾಗ ಔಷಧಿಯ ಹೆಸರು ಪತ್ರಿಕೆಗಳ ಮುಖಪುಟ ಸೇರಿತು. ಸಲ್ಫನಿಲಮೈಡ್ 1908ರಲ್ಲಿಯೇ ತಯಾರಾಗಿದ್ದ ಹಳೆಯ ವಸ್ತುವಾದ್ದರಿಂದ ಯಾವ ಕಂಪನಿಯಾದರೂ ಅದನ್ನು ಅಗ್ಗವಾಗಿ ಮಾರಬಹುದಾಗಿತ್ತು. ಬೇಯರ್‌ಗೆ ಅದು ನಷ್ಟ, ರೋಗಿಗಳಿಗೆ ಲಾಭ.

ಆದರೆ ಹಾಗೆ ಎಲ್ಲರೂ ಮಾರತೊಡಗಿದ್ದರಿಂದಲೇ ಒಂದು ದುರಂತವೂ ನಡೆಯಿತು. 1937ರ ಶರತ್ಕಾಲದಲ್ಲಿ ಅಮೆರಿಕದ ಟೆನೆಸ್ಸಿ ರಾಜ್ಯದ ಕಂಪನಿಯೊಂದು ಮಕ್ಕಳಿಗೆ ಕುಡಿಸಲು ಅನುಕೂಲವಾಗಲೆಂದು ಸಲ್ಫನಿಲಮೈಡನ್ನು ಡೈಎಥಿಲೀನ್ ಗ್ಲೈಕಾಲ್ ಎಂಬ ಸಿಹಿ ದ್ರವದಲ್ಲಿ ಕರಗಿಸಿ, ಹಣ್ಣಿನ ರುಚಿ ಬೆರೆಸಿ ಮಾರುಕಟ್ಟೆಗೆ ತಂದಿತು. ಬಣ್ಣ, ರುಚಿ, ವಾಸನೆಗಳನ್ನು ನೋಡಿದ್ದರು. ಒಂದು ಇಲಿಗೂ ಕೊಟ್ಟು ನೋಡಿರಲಿಲ್ಲ. ಆ ದ್ರವ ಮೂತ್ರಪಿಂಡದ ನಾಳಗಳನ್ನು ನಾಶಮಾಡುವ ವಿಷ. ಮೂತ್ರ ನಿಂತು, ನೋವಿನಿಂದ ನರಳಿ ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಹಲವರು ಮಕ್ಕಳು. ಷಿಕಾಗೋದಲ್ಲಿ ಪ್ರಾಣಿಗಳ ಮೇಲೆ ನಡೆದ ಪರೀಕ್ಷೆ ಅಪರಾಧಿ ಔಷಧಿಯಲ್ಲ, ಅದನ್ನು ಕರಗಿಸಿದ ದ್ರವ ಎಂದು ತೋರಿಸಿತು. ಮಾರುವ ಮೊದಲು ಔಷಧಿಯ ಸುರಕ್ಷತೆಯನ್ನು ಸಾಬೀತುಪಡಿಸಬೇಕೆಂಬ ಅಮೆರಿಕದ ಕಾನೂನು ಬಂದದ್ದು 1938ರಲ್ಲಿ, ಈ ಸಾವುಗಳ ಫಲವಾಗಿ. ಆದರೂ ಅದೇ ವಿಷ 1986ರಲ್ಲಿ ಮುಂಬೈನ ದೊಡ್ಡ ಆಸ್ಪತ್ರೆಯೊಂದರಲ್ಲಿ, 2022ರಲ್ಲಿ ಗ್ಯಾಂಬಿಯಾದ ಮಕ್ಕಳ ಕೆಮ್ಮಿನ ಸಿರಪ್ಪಿನಲ್ಲಿ ಮತ್ತೆ ಕಾಣಿಸಿಕೊಂಡಿತು. ಗ್ಯಾಂಬಿಯಾದ ಆ ಸಿರಪ್ಪು ಭಾರತದಲ್ಲಿ ತಯಾರಾದದ್ದು.

ಸಲ್ಫಾ ಔಷಧಿಗಳೂ ಮೂತ್ರಪಿಂಡದ ಪಾಲಿಗೆ ಪೂರ್ಣ ನಿರಪರಾಧಿಗಳಾಗಿರಲಿಲ್ಲ. ನಂತರ ಬಂದ ಸಲ್ಫಪಿರಿಡಿನ್, ಸಲ್ಫಡಯಜಿನ್ ಮುಂತಾದವು ಆಮ್ಲೀಯ ಮೂತ್ರದಲ್ಲಿ ಹರಳುಗಟ್ಟಿ ನಾಳಗಳನ್ನು ಮುಚ್ಚಿಬಿಡುತ್ತಿದ್ದವು. ಸಲ್ಫಾ ಗುಳಿಗೆ ಕೊಟ್ಟ ವೈದ್ಯರು ಹೇರಳವಾಗಿ ನೀರು ಕುಡಿಯಿರಿ, ಜೊತೆಗೆ ಸೋಡಾ ಸೇವಿಸಿರಿ ಎಂದು ಹೇಳುತ್ತಿದ್ದುದು ಇದೇ ಕಾರಣಕ್ಕೆ. ನಂಜಿನಿಂದ ಜೀವ ಉಳಿಸುವ ಮದ್ದು ಮೂತ್ರಪಿಂಡವನ್ನು ಕೆಡಿಸಬಹುದು ಎಂಬ ಇಬ್ಬಂದಿಯನ್ನು ಆಧುನಿಕ ವೈದ್ಯಕೀಯ ಮೊದಲು ವ್ಯಾಪಕವಾಗಿ ಎದುರಿಸಿದ್ದು ಇಲ್ಲಿಯೇ.

1939ರಲ್ಲಿ ಡೋಮಾಕ್ ಅವರಿಗೆ ನೊಬೆಲ್ ಪ್ರಶಸ್ತಿ ಘೋಷಣೆಯಾಯಿತು. ಆದರೆ ನಾತ್ಸಿ ಶಿಬಿರದಲ್ಲಿ ಬಂದಿಯಾಗಿದ್ದ ಕಾರ್ಲ್ ಫಾನ್ ಒಸಿಯೆಟ್ಸ್ಕಿ ಅವರಿಗೆ ಶಾಂತಿ ಪ್ರಶಸ್ತಿ ಸಂದದ್ದರಿಂದ ಕೆರಳಿದ್ದ ಹಿಟ್ಲರ್, 1937ರಲ್ಲಿಯೇ ಯಾವ ಜರ್ಮನ್ ಪ್ರಜೆಯೂ ನೊಬೆಲ್ ಸ್ವೀಕರಿಸಕೂಡದೆಂದು ಆಜ್ಞೆ ಮಾಡಿದ್ದ. ಡೋಮಾಕ್ ಸ್ಟಾಕ್‌ಹೋಮ್‌ಗೆ ಕೃತಜ್ಞತೆಯ ಪತ್ರ ಬರೆದರು. ಕೆಲವು ದಿನಗಳಲ್ಲಿ ಗೆಸ್ಟಾಪೊ ಅವರನ್ನು ಬಂಧಿಸಿ ಸುಮಾರು ಒಂದು ವಾರ ಸೆರೆಯಲ್ಲಿಟ್ಟಿತು. ಪ್ರಶಸ್ತಿ ನಿರಾಕರಿಸುವ ಪತ್ರಕ್ಕೆ ಬಲವಂತದಿಂದ ಸಹಿ ಹಾಕಿಸಲಾಯಿತು. 1947ರಲ್ಲಿ ಅವರು ಸ್ಟಾಕ್‌ಹೋಮ್‌ಗೆ ಹೋಗಿ ಪದಕವನ್ನೂ ಪ್ರಮಾಣಪತ್ರವನ್ನೂ ಪಡೆದರು. ಅವಧಿ ಮೀರಿದ್ದರಿಂದ ಹಣ ಮಾತ್ರ ಸಿಗಲಿಲ್ಲ.

ಅವರ ಔಷಧಿಯ ಹೆಸರಿಗೆ ಅಂಟಿದ ಅತ್ಯಂತ ಕರಾಳ ಅಧ್ಯಾಯ ಅವರ ಕೈಯಿಂದ ಆದದ್ದಲ್ಲ, ಆದರೂ ಅದನ್ನು ಬಿಟ್ಟು ಈ ಕಥೆ ಹೇಳಲಾಗದು. 1942ರಲ್ಲಿ ನಾತ್ಸಿ ಅಧಿಕಾರಿ ಹೈಡ್ರಿಶ್ ಗಾಯದ ನಂಜಿನಿಂದ ಸತ್ತ ಬಳಿಕ, ಸಲ್ಫಾ ಔಷಧಿಗಳ ಪ್ರಯೋಜನವನ್ನು ಪರೀಕ್ಷಿಸುವ ನೆಪದಲ್ಲಿ ಎಸ್ಸೆಸ್ ವೈದ್ಯ ಕಾರ್ಲ್ ಗೆಬ್‌ಹಾರ್ಟ್ ರಾವೆನ್ಸ್‌ಬ್ರೂಕ್ ಶಿಬಿರದಲ್ಲಿ ಪೋಲಿಷ್ ಮಹಿಳಾ ಕೈದಿಗಳ ಕಾಲು ಸೀಳಿ, ಬ್ಯಾಕ್ಟೀರಿಯಾ, ಮರದ ಚೂರು, ಗಾಜಿನ ಪುಡಿ ತುಂಬಿದ. ಕೆಲವರು ಸತ್ತರು, ಬದುಕಿದವರು ಜೀವನಪೂರ್ತಿ ಅಂಗವಿಕಲರಾದರು. ಗೆಬ್‌ಹಾರ್ಟ್ ನ್ಯೂರೆಂಬರ್ಗ್ ವಿಚಾರಣೆಯ ನಂತರ 1948ರಲ್ಲಿ ಗಲ್ಲಿಗೇರಿದ. ಡೋಮಾಕ್ ಕೆಲಸ ಮಾಡುತ್ತಿದ್ದ ಐ. ಜಿ. ಫಾರ್ಬೆನ್ ಆಶ್ವಿಟ್ಸ್ ಬಳಿ ಗುಲಾಮ ಕಾರ್ಮಿಕರಿಂದ ಕಾರ್ಖಾನೆ ಕಟ್ಟಿಸಿತ್ತು. ಹೋರ್ಲೈನ್ ವಿಚಾರಣೆ ಎದುರಿಸಿ ಖುಲಾಸೆಯಾದರು. ಪ್ರಾಣಿಯಿಂದ ಮನುಷ್ಯನೆಡೆಗೆ ಸಾಗುವ ದಾರಿಯಲ್ಲಿ ರೋಗಿಯ ಒಪ್ಪಿಗೆ ಎಂಬುದು ದಾಟಲೇಬಾರದ ಗೆರೆಯೆಂದು ನ್ಯೂರೆಂಬರ್ಗ್ ಸಂಹಿತೆ ವಿಧಿಸಿದ್ದು ಇಂಥ ಕೃತ್ಯಗಳ ಹಿನ್ನೆಲೆಯಲ್ಲಿ.

ಯುದ್ಧಾನಂತರ ಪೆನಿಸಿಲಿನ್ ಬಂದು ಸಲ್ಫಾ ಯುಗ ಹಿಂದೆ ಸರಿಯಿತು. ಡೋಮಾಕ್ ಅಷ್ಟರಲ್ಲಿ ಕ್ಷಯರೋಗದತ್ತ ತಿರುಗಿದ್ದರು. ಅವರ ತಂಡ ಥಯೊಅಸಿಟಜೋನ್ ಎಂಬ ಔಷಧಿಯನ್ನು ಹೊರತಂದಿತು. 1950ರ ದಶಕದ ಆರಂಭದಲ್ಲಿ ಐಸೊನಿಯಜಿಡ್‌ನ ಶಕ್ತಿಯನ್ನು ಏಕಕಾಲಕ್ಕೆ ಕಂಡುಕೊಂಡ ಮೂರು ಕಂಪನಿಗಳಲ್ಲಿ ಬೇಯರ್ ಒಂದು. ಇಲ್ಲಿ ಕನ್ನಡನಾಡಿನ ಕೊಂಡಿಯೊಂದಿದೆ. 1959ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಅಧ್ಯಯನಗಳ ಆಧಾರದ ಮೇಲೆ 1962ರಲ್ಲಿ ಭಾರತದ ಕ್ಷಯ ನಿಯಂತ್ರಣ ಕಾರ್ಯಕ್ರಮ ರೂಪುಗೊಂಡಿತು. ಹಳ್ಳಿಯ ಬಡರೋಗಿಗೆ ಮನೆಯಲ್ಲಿಯೇ ನುಂಗಲು ಕೊಟ್ಟ ಅಗ್ಗದ ಮಾತ್ರೆಗಳು ಐಸೊನಿಯಜಿಡ್ ಮತ್ತು ಥಯೊಅಸಿಟಜೋನ್. ತುಮಕೂರಿನ ಸುತ್ತಮುತ್ತಲೋ ಕೋಲಾರದಲ್ಲೋ ಆ ಮಾತ್ರೆ ನುಂಗಿ ಬದುಕಿದವರು ಡೋಮಾಕ್ ಅವರ ಹೆಸರನ್ನು ಕೇಳಿರಲಾರರು.

ಸಲ್ಫಾ ವಂಶದ ಇನ್ನೊಂದು ಕವಲು ಮೂತ್ರಪಿಂಡಕ್ಕೇ ಮರಳಿತು. ಸಲ್ಫನಿಲಮೈಡ್ ಸೇವಿಸಿದ ರೋಗಿಗಳ ಮೂತ್ರ ಕ್ಷಾರೀಯವಾಗುತ್ತಿತ್ತು. ಆ ಅಡ್ಡಪರಿಣಾಮದ ಬೆನ್ನುಹತ್ತಿದ ವಿಲಿಯಂ ಶ್ವಾರ್ಟ್ಸ್ 1949ರಲ್ಲಿ ಹೃದಯ ಸೋತ ರೋಗಿಗಳಿಗೆ ಅದನ್ನೇ ಕೊಟ್ಟು ಮೈಯಲ್ಲಿ ತುಂಬಿದ ಉಪ್ಪುನೀರನ್ನು ಹೊರಹಾಕಿಸಿದರು. ಅಲ್ಲಿಂದ ಹುಟ್ಟಿದವು ಅಸೆಟಜೋಲಮೈಡ್, ಥಯಜೈಡ್‌ಗಳು ಹಾಗೂ ಮುಂದೆ ಫ್ರುಸೆಮೈಡ್. ಮಧುಮೇಹದ ಸಲ್ಫೊನಿಲ್ಯೂರಿಯಾ ಮಾತ್ರೆಗಳೂ ಇದೇ ಕುಲದವು. ಊರಿನಲ್ಲಿರುವ ನಮ್ಮ ತಂದೆತಾಯಿಯರ ಮಾತ್ರೆ ಡಬ್ಬಿಯನ್ನು ತೆರೆದರೆ ಆ ಕೆಂಪು ಬಣ್ಣದ ಸಂತತಿ ಒಂದಾದರೂ ಸಿಕ್ಕೀತು.

ಇಷ್ಟಾದರೂ ನಂಜಿನಿಂದ ಮೂತ್ರಪಿಂಡವನ್ನು ಕಾಪಾಡುವ ಔಷಧಿ ಇನ್ನೂ ನಮ್ಮ ಕೈಯಲ್ಲಿಲ್ಲ. ಪ್ರಯೋಗಾಲಯಗಳಲ್ಲಿ ಅಂಥ ಔಷಧಿಗಳಿಗೆ ಕೊರತೆಯಿಲ್ಲ. ಇಲಿಗೆ ಮೊದಲೇ ಒಂದು ಔಷಧಿ ಕೊಟ್ಟು, ಅನಂತರ ಬ್ಯಾಕ್ಟೀರಿಯಾದ ವಿಷವನ್ನು ಚುಚ್ಚಿದರೆ ಅಥವಾ ಕರುಳನ್ನು ತೂತು ಮಾಡಿ ನಂಜೇರಿಸಿದರೆ, ಮೂತ್ರಪಿಂಡ ಉಳಿಯಿತು ಎಂಬ ವರದಿಗಳು ಬರುತ್ತಲೇ ಇವೆ. ಆದರೆ ತೀವ್ರನಿಗಾ ಘಟಕಕ್ಕೆ ಬರುವ ರೋಗಿ ನಂಜೇರುವ ಮುನ್ನ ನಮಗೆ ತಿಳಿಸಿ ಬರುವುದಿಲ್ಲ. ಪ್ರಯೋಗದ ಇಲಿ ಎಳೆಯದು, ಆರೋಗ್ಯವಂತ. ನಮ್ಮ ರೋಗಿ ಎಪ್ಪತ್ತು ದಾಟಿದವರು, ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಂದ ಅವರ ಮೂತ್ರಪಿಂಡ ಮೊದಲೇ ಸವೆದಿರುತ್ತದೆ. ಪ್ರಾಣಿಗಳಲ್ಲಿ ಭರವಸೆ ಮೂಡಿಸಿದ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವವನ್ನು 301 ರೋಗಿಗಳ ಮೇಲೆ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೊದಲ ವಾರದ ಮೂತ್ರಪಿಂಡದ ಕೆಲಸ ಗಣನೀಯವಾಗಿ ಸುಧಾರಿಸಲಿಲ್ಲ. ಬಹಳ ಆಸೆ ಹುಟ್ಟಿಸಿದ್ದ ವಿಟಮಿನ್ ಸಿ 2022ರ ದೊಡ್ಡ ಅಧ್ಯಯನದಲ್ಲಿ ನಂಜಿನ ರೋಗಿಗಳಿಗೆ ಒಳಿತಿನ ಬದಲು ಕೆಡುಕನ್ನೇ ತೋರಿತು.

ಡೋಮಾಕ್ ಅವರ ಪ್ರಯೋಗ ಇಲ್ಲಿ ಇಂದಿಗೂ ಪಾಠ ಹೇಳುತ್ತದೆ. ಅವರು ಔಷಧಿ ಕೊಟ್ಟದ್ದು ಸೋಂಕಿನ ನಂತರ. ರೋಗಿಯಿಂದ ಪಡೆದ ನಿಜವಾದ ಬ್ಯಾಕ್ಟೀರಿಯಾವನ್ನು ಬಳಸಿದರು. ಅಳೆದದ್ದು ಯಾವುದೋ ಪರೋಕ್ಷ ಸೂಚಕವನ್ನಲ್ಲ, ಬದುಕು-ಸಾವುಗಳನ್ನು. ಒಂದೂವರೆ ಗಂಟೆಯ ಅಂತರವೂ ಆಸ್ಪತ್ರೆಯ ವಾಸ್ತವಕ್ಕೆ ಹೋಲಿಸಿದರೆ ಚಿಕ್ಕದೇ. ಆದರೂ ಔಷಧಿ ರೋಗದ ಮೂಲವನ್ನೇ ಹಿಡಿದದ್ದರಿಂದ, ದಿನಗಟ್ಟಲೆ ನಂಜೇರಿದ್ದ ಮಗುವಿನಲ್ಲಿಯೂ ಅದು ಕೆಲಸ ಮಾಡಿತು. ಇಂದು ನಂಜಿನ ರೋಗಿಯ ಮೂತ್ರಪಿಂಡ ಉಳಿಸಲು ನಾವು ಮಾಡುವುದೂ ಬಹುಪಾಲು ಇದೇ: ಬೇಗ ಗುರುತಿಸುವುದು, ತಡಮಾಡದೆ ಸರಿಯಾದ ಪ್ರತಿಜೀವಕ ಕೊಡುವುದು, ಕೀವಿನ ಮೂಲವನ್ನು ತೆಗೆಯುವುದು, ರಕ್ತದೊತ್ತಡ ಕಾಯುವುದು, ಮೂತ್ರಪಿಂಡಕ್ಕೆ ಹಾನಿಮಾಡುವ ಔಷಧಿಗಳನ್ನು ದೂರವಿಡುವುದು. ಹಿರಿಯರಿಗೆ ಜ್ವರದೊಡನೆ ಗೊಂದಲ, ಏದುಸಿರು, ಮೂತ್ರ ಕಡಿಮೆಯಾಗುವಿಕೆ ಕಂಡರೆ ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯುವುದು ಮನೆಯವರು ಮಾಡಬಹುದಾದ ಅತಿದೊಡ್ಡ ಉಪಕಾರ. ದೂರದೇಶದಲ್ಲಿರುವ ನಾವು ಊರಿನ ಮನೆಗೆ ದೂರವಾಣಿಯಲ್ಲಿ ಹೇಳಬಹುದಾದ ಮಾತೂ ಇದೇ.

ಕೊನೆಯ ವರ್ಷಗಳಲ್ಲಿ ಡೋಮಾಕ್ ಕ್ಯಾನ್ಸರ್ ಔಷಧಿಗಳ ಹುಡುಕಾಟದಲ್ಲಿ ತೊಡಗಿದರು. ಅಲ್ಲಿ ಅವರಿಗೆ ಹಿಂದಿನ ಯಶಸ್ಸು ದೊರೆಯಲಿಲ್ಲ. 1959ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ವಿದೇಶಿ ಸದಸ್ಯರನ್ನಾಗಿ ಆರಿಸಿತು. 1964ರ ಏಪ್ರಿಲ್ 24ರಂದು ಕಪ್ಪುಕಾಡು ಪ್ರದೇಶದ ಬುರ್ಗ್‌ಬೆರ್ಗ್‌ನಲ್ಲಿ, 68ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಪ್ರೊಂಟೊಸಿಲ್ ಈಗ ಯಾವ ಔಷಧಿ ಅಂಗಡಿಯಲ್ಲಿಯೂ ಸಿಗುವುದಿಲ್ಲ. ಆದರೆ ಪ್ರತಿದಿನ ಬೆಳಿಗ್ಗೆ ಘಟಕದಲ್ಲಿ ರೋಗಿಯ ಕ್ರಿಯಾಟಿನಿನ್ ವರದಿಯನ್ನು ತೆರೆಯುವಾಗ, ನಿನ್ನೆಗಿಂತ ಅದು ಇಳಿದಿದ್ದರೆ, ಆ ಸಮಾಧಾನದಲ್ಲಿ ಕೀಲ್‌ನ ಆ ವಿದ್ಯಾರ್ಥಿಯ ಪಾಲೂ ಇದೆ.